ಒಂದು ಟಿಕೆಟ್ಟಾ, ಎರಡು ಟಿಕೆಟ್ಟಾ?

ಮೊನ್ನೆ ನಮ್ಮ ಹಾಸ್ಟೆಲ್ ಗ್ರೂಪಿಗೆ ಯಾರೋ ಒಂದು ರೀಲ್ ಹಾಕಿದ್ರು. ಅಮೆರಿಕದ ಸೌತ್‌ವೆಸ್ಟ್ ಏರ್‌ಲೈನ್ಸ್‌ನಲ್ಲಿ ಇನ್ಮೇಲೆ ದಪ್ಪ ಇರೋರು ಎರಡು ಸೀಟು ಬುಕ್ ಮಾಡಬೇಕು ಅನ್ನೋ ಸುದ್ದಿ, ಹಿಂದೆ ಒಂದು ತಮಾಷೆ ಮ್ಯೂಸಿಕ್. ನಾವೆಲ್ಲ ನಕ್ಕೆವು, ಸಾಲಾಗಿ ನಗೋ ಇಮೋಜಿ ಹಾಕಿದೆವು. ಅದೇ ರಾತ್ರಿ ಮೆಸ್‌ನಲ್ಲಿ ಊಟ ಮಾಡ್ತಾ ನಮ್ಮ ಗೆಳೆಯನೊಬ್ಬ ಕೇಳಿದ. ನಾವು ಫಸ್ಟ್ ಇಯರ್‌ನಿಂದ 'ಪ್ರೀತಿಯಿಂದ' ಡುಮ್ಮ ಅಂತ ಕರೆಯೋ ಗೆಳೆಯ ಅವನು. "ಲೋ, ಹಾಗಾದ್ರೆ ನಾನು ಎಂಎಸ್ ಮಾಡೋಕೆ ಅಲ್ಲಿಗೆ ಹೋದ್ರೆ ಎರಡು ಟಿಕೆಟ್ ತಗೋಬೇಕೇನ್ರೋ?" ಅವನು ನಗ್ತಾನೇ ಕೇಳಿದ್ದು. ಆದರೆ ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಗ ನಗುವೂ ಬರಲಿಲ್ಲ.

ಉತ್ತರ ಹುಡುಕೋಕೆ ಹೋಗಿ ಓದಿದ್ದೆಲ್ಲ ಸೇರಿ ಈ ಬರಹ ಆಗಿದೆ. ನಮ್ಮ ಅಭಿಪ್ರಾಯವನ್ನ ಮೊದಲೇ ಹೇಳಿಬಿಡ್ತೀವಿ. ದೊಡ್ಡ ಮೈಕಟ್ಟಿನ ಪ್ರಯಾಣಿಕರಿಗೆ ಇನ್ನೊಂದು ಸೀಟು ಬೇಕಾದರೆ ಖಂಡಿತ ಕೊಡಬೇಕು. ಆದರೆ ಅದರ ಪೂರ್ತಿ ಖರ್ಚನ್ನ ಅವರೊಬ್ಬರ ತಲೆಗೆ ಕಟ್ಟಬಾರದು. ಯಾಕೆ ಅಂತ ಒಂದೊಂದಾಗಿ ನೋಡೋಣ.

ರೂಲ್ ಏನು ಹೇಳುತ್ತೆ?

ಸೌತ್‌ವೆಸ್ಟ್ 1971ರಿಂದ ವಿಮಾನ ಹಾರಿಸ್ತಿರೋ ಕಂಪನಿ. 50 ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಸೀಟ್ ನಂಬರೇ ಇರಲಿಲ್ಲ. ನಮ್ಮ ಕೆಂಪು ಬಸ್ಸಿನ ಹಾಗೆ, ಮೊದಲು ಹತ್ತಿದವರು ಬೇಕಾದ ಕಡೆ ಕೂರಬಹುದಿತ್ತು. ದಪ್ಪ ಇರೋ ಪ್ರಯಾಣಿಕರ ವಿಷಯದಲ್ಲೂ ಆ ಕಂಪನಿ ಉದಾರಿ ಅಂತ ಹೆಸರು ಮಾಡಿತ್ತು. ಎರಡು ಆರ್ಮ್‌ರೆಸ್ಟ್‌ಗಳ ಮಧ್ಯೆ ಕೂರೋಕೆ ಆಗದಿದ್ದರೆ ಮೊದಲೇ ಇನ್ನೊಂದು ಸೀಟು ಕೊಂಡುಕೊಂಡು, ಪ್ರಯಾಣ ಮುಗಿದ ಮೇಲೆ ಆ ದುಡ್ಡನ್ನ ವಾಪಸ್ ಪಡೆಯಬಹುದಿತ್ತು. ಮೊದಲೇ ಕೊಂಡಿರದಿದ್ದರೆ ಗೇಟಿನಲ್ಲಿ ಕೇಳಿ ಪುಕ್ಕಟೆಯಾಗಿಯೇ ಪಡೆಯೋ ದಾರಿಯೂ ಇತ್ತು.

2026ರ ಜನವರಿ 27ರಿಂದ ಅಲ್ಲೂ ಸೀಟ್ ನಂಬರ್ ಬಂತು. ಅದರ ಜೊತೆಗೇ ಹೊಸ ರೂಲೂ ಬಂತು. ಪಕ್ಕದ ಸೀಟಿಗೆ ಮೈ ತಾಗುವಂಥವರು ಮೊದಲೇ ಎರಡನೇ ಸೀಟು ಕೊಳ್ಳಲೇಬೇಕು. ದುಡ್ಡು ವಾಪಸ್ ಬರಬೇಕಾದರೆ ಮೂರು ಕಂಡೀಷನ್: ವಿಮಾನ ಹೊರಡುವಾಗ ಕನಿಷ್ಠ ಒಂದಾದರೂ ಸೀಟು ಖಾಲಿ ಇರಬೇಕು, ಎರಡೂ ಸೀಟು ಒಂದೇ ದರ್ಜೆಯ ದರದಲ್ಲಿ ಕೊಂಡಿರಬೇಕು, 90 ದಿನದೊಳಗೆ ಅರ್ಜಿ ಹಾಕಬೇಕು. ಮೊದಲೇ ಕೊಳ್ಳದೆ ಏರ್‌ಪೋರ್ಟಿಗೆ ಬಂದರೆ ಅಲ್ಲೇ ಕೊಳ್ಳಬೇಕು. ವಿಮಾನ ತುಂಬಿದ್ದರೆ ಬೇರೆ ವಿಮಾನಕ್ಕೆ ಕಾಯಬೇಕು.

ಮೊದಲನೇ ಕಂಡೀಷನ್ನನ್ನ ಸ್ವಲ್ಪ ನೋಡಿ. ಕೊನೆಗೆ ಒಂದು ಸೀಟು ಖಾಲಿ ಉಳಿಯುತ್ತೋ ಇಲ್ಲವೋ ಅನ್ನೋದು ಪ್ರಯಾಣಿಕರ ಕೈಲಿ ಇದೆಯಾ? ನಮ್ಮ ಇಂಟರ್ನಲ್ಸ್ ಮಾರ್ಕ್ಸನ್ನ ಪಕ್ಕದ ಸೆಕ್ಷನ್ನಿನ ಅಟೆಂಡೆನ್ಸ್ ನೋಡಿ ಕೊಟ್ಟರೆ ಹೇಗಿರುತ್ತೆ? ಹಾಗಿದೆ ಇದು. ಒಂದೇ ಮನುಷ್ಯ, ಒಂದೇ ದಾರಿ, ಮಂಗಳವಾರ ಹೋದರೆ ಒಂದು ಟಿಕೆಟ್ಟಿನ ಖರ್ಚು, ಹಬ್ಬದ ರಜೆಯಲ್ಲಿ ಹೋದರೆ ಎರಡು ಟಿಕೆಟ್ಟಿನ ಖರ್ಚು. ಅದೂ ಯಾವುದು ಅಂತ ಊರು ತಲುಪೋ ತನಕ ಗೊತ್ತಾಗಲ್ಲ.

ಇನ್ನೊಂದು ತೊಂದರೆ ಅಂದರೆ, ಯಾರು ದಪ್ಪ ಅಂತ ತೀರ್ಮಾನ ಮಾಡೋರು ಯಾರು? ಕೊನೆಗೆ ಅದು ಸಿಬ್ಬಂದಿಯ ಕಣ್ಣಳತೆಗೆ ಬಂದು ನಿಲ್ಲುತ್ತೆ. 2010ರ ಫೆಬ್ರವರಿಯಲ್ಲಿ ಹಾಲಿವುಡ್ ನಿರ್ದೇಶಕ ಕೆವಿನ್ ಸ್ಮಿತ್ ಅವರನ್ನ ಓಕ್‌ಲ್ಯಾಂಡ್‌ನಲ್ಲಿ ಇದೇ ಕಂಪನಿಯ ವಿಮಾನದಿಂದ ಇಳಿಸಿದ್ದರು. ಅವರು ಎರಡು ಟಿಕೆಟ್ ಕೊಂಡಿದ್ದರು, ಆದರೆ ಬೇಗ ಹೋಗೋಣ ಅಂತ ಅದಕ್ಕೂ ಮೊದಲಿನ ವಿಮಾನ ಹತ್ತಿದರು. ಅದರಲ್ಲಿ ಉಳಿದಿದ್ದು ಒಂದೇ ಸೀಟು. ಆರ್ಮ್‌ರೆಸ್ಟ್ ಎರಡೂ ಇಳಿದಿದ್ದವು, ಬೆಲ್ಟೂ ಬಿಗಿದಿತ್ತು ಅಂತ ಅವರು ಹೇಳಿಕೊಂಡರು. ಕಂಪನಿ ಆಮೇಲೆ ಕ್ಷಮೆ ಕೇಳಿತು. ಅವರಿಗೆ ಹೆಸರಿತ್ತು, ಲಕ್ಷಾಂತರ ಫಾಲೋವರ್ಸ್ ಇದ್ದರು, ಹಾಗಾಗಿ ಸುದ್ದಿಯಾಯ್ತು. ಹೆಸರಿಲ್ಲದವರು ಬ್ಯಾಗ್ ತಗೊಂಡು, ಎಲ್ಲರೂ ನೋಡ್ತಿರುವಾಗ ತಲೆ ತಗ್ಗಿಸಿ ಇಳಿದು ಹೋಗ್ತಾರೆ, ಅಷ್ಟೇ.

ಪಕ್ಕದಲ್ಲಿ ಕೂತವರ ಮಾತೂ ನಿಜ

ಇಲ್ಲಿ ನಾವು ಒಂದು ಕಡೆ ಮಾತ್ರ ಮಾತಾಡಿದರೆ ತಪ್ಪಾಗುತ್ತೆ. ಪಕ್ಕದವರೂ ಪೂರ್ತಿ ದುಡ್ಡು ಕೊಟ್ಟಿದ್ದಾರೆ. ನಾಲ್ಕು ಗಂಟೆ ಒಂದು ಭುಜ ಮಡಚಿಕೊಂಡು, ಅರ್ಧ ಸೀಟಿನಲ್ಲಿ ಕೂತು ಹೋಗಿ ಅಂತ ಅವರಿಗೆ ಹೇಳೋದು ನ್ಯಾಯ ಅಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಮೂರು ಜನರ ಸೀಟಿಗೆ ನಾಲ್ಕನೆಯವರು ಬಂದರೆ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರೆ ನಡೆಯುತ್ತೆ. ಯಾಕಂದರೆ ಆ ಸೀಟಿನಲ್ಲಿ ಮಧ್ಯೆ ಅಡ್ಡ ಏನೂ ಇಲ್ಲ, ಮುಂದಿನ ಸ್ಟಾಪಿನಲ್ಲಿ ಯಾರಾದರೂ ಇಳಿದೇ ಇಳೀತಾರೆ. ವಿಮಾನದಲ್ಲಿ ಮಧ್ಯೆ ಆರ್ಮ್‌ರೆಸ್ಟ್ ಇದೆ, ಮುಂದಿನ ಸ್ಟಾಪೂ ಇಲ್ಲ. ಅಡ್ಜಸ್ಟ್ ಅನ್ನೋ ನಮ್ಮ ಮಂತ್ರ 30 ಸಾವಿರ ಅಡಿ ಮೇಲೆ ಕೆಲಸ ಮಾಡಲ್ಲ.

ಹಾಗಾಗಿ ಎರಡನೇ ಸೀಟು ಬೇಕು ಅನ್ನೋದರಲ್ಲಿ ಕಂಪನಿಗೂ ನಮಗೂ ಜಗಳ ಇಲ್ಲ. ಜಗಳ ಇರೋದು ಬಿಲ್ ಯಾರು ಕಟ್ಟಬೇಕು ಅನ್ನೋದರಲ್ಲಿ.

ಆ ಸೀಟು ಎಷ್ಟು ಅಗಲ?

ನಿಮ್ಮ ಹತ್ತಿರ ಈಗ ಎರಡು ಎ4 ಹಾಳೆ ಇದ್ದರೆ ಉದ್ದುದ್ದ ಅಕ್ಕಪಕ್ಕ ಇಟ್ಟು ನೋಡಿ. ಒಟ್ಟು ಅಗಲ 42 ಸೆಂಟಿಮೀಟರ್. ಸೌತ್‌ವೆಸ್ಟ್ ಹಾರಿಸೋದು ಬೋಯಿಂಗ್ 737 ಮಾತ್ರ, ಅದರ ಸೀಟಿನ ಅಗಲ ಸುಮಾರು 17 ಇಂಚು, ಅಂದರೆ 43 ಸೆಂಟಿಮೀಟರ್. ಹಾಳೆಗಿಂತ ಒಂದು ಬೆರಳು ಜಾಸ್ತಿ. ಏರ್‌ಬಸ್ ಎ320ಯಲ್ಲಿ ಒಳಗಿನ ಅಗಲ 3.70 ಮೀಟರ್, 737ರಲ್ಲಿ 3.54 ಮೀಟರ್. ಎರಡರಲ್ಲೂ ಒಂದು ಸಾಲಿಗೆ ಆರು ಜನ. ಹಾಗಾಗಿ ಏರ್‌ಬಸ್‌ನಲ್ಲಿ ಸೀಟು ಒಂದು ಇಂಚು ಜಾಸ್ತಿ ಅಗಲ ಮಾಡೋಕೆ ಆಗುತ್ತೆ. ಅಂದರೆ ಒಬ್ಬ ಮನುಷ್ಯ ಒಂದು ವಿಮಾನದಲ್ಲಿ ಸರಿಯಾಗಿ ಕೂತು, ಇನ್ನೊಂದರಲ್ಲಿ 'ದಪ್ಪ ಪ್ರಯಾಣಿಕ' ಆಗಿಬಿಡಬಹುದು. ಅವನ ಮೈ ಬದಲಾಗಿಲ್ಲ, ವಿಮಾನ ಬದಲಾಗಿದೆ.

ಬೋಯಿಂಗ್ 777ರ ಕಥೆ ಇನ್ನೂ ಸ್ಪಷ್ಟ. ಅದು ಬಂದ ಹೊಸದರಲ್ಲಿ ಹೆಚ್ಚಿನ ಕಂಪನಿಗಳು ಇಕಾನಮಿಯಲ್ಲಿ ಒಂದು ಸಾಲಿಗೆ 9 ಸೀಟು ಹಾಕ್ತಿದ್ದವು. ಆಮೇಲೆ ಅದೇ ವಿಮಾನಕ್ಕೆ 10 ಸೀಟು ಬಂತು. ವಿಮಾನದ ಗೋಡೆ ಅಂತೂ ಹಿಗ್ಗಲಿಲ್ಲ. ಹಾಗಾದರೆ ಹತ್ತನೇ ಸೀಟಿಗೆ ಜಾಗ ಎಲ್ಲಿಂದ ಬಂತು? ಉಳಿದ ಒಂಬತ್ತು ಜನರ ಸೊಂಟದಿಂದ ಬಂತು. ಹೀಗೆ ಸೀಟು ಕಿರಿದು ಮಾಡಿದವರೇ ಆಮೇಲೆ ನೀವು ಸೀಟಿಗಿಂತ ದೊಡ್ಡವರು ಅಂತ ಬಿಲ್ ಕೊಡ್ತಿದ್ದಾರೆ.

ಸೀಟು ಕನಿಷ್ಠ ಎಷ್ಟಿರಬೇಕು ಅಂತ ನಿಗದಿ ಮಾಡಿ ಅಂತ ಅಮೆರಿಕದ ಸಂಸತ್ತು 2018ರಲ್ಲೇ ಅಲ್ಲಿನ ವಿಮಾನಯಾನ ನಿಯಂತ್ರಕರಾದ ಎಫ್‌ಎಎಗೆ ಕಾನೂನಿನ ಮೂಲಕ ಹೇಳಿತ್ತು. ಒಂದು ವರ್ಷದ ಗಡುವು. ಎಫ್‌ಎಎ 720 ಜನ ಸ್ವಯಂಸೇವಕರನ್ನ ಕೂರಿಸಿ ತುರ್ತು ಇಳಿಯೋ ಪರೀಕ್ಷೆ ಮಾಡಿತು. ಎಲ್ಲರೂ 18ರಿಂದ 60 ವರ್ಷದೊಳಗಿನ, ಕೈಕಾಲು ಗಟ್ಟಿ ಇರೋ ಜನ. ಮಕ್ಕಳಿಲ್ಲ, ಅಜ್ಜಿ ತಾತ ಇಲ್ಲ. 2022ರಲ್ಲಿ ಜನರ ಅಭಿಪ್ರಾಯ ಕೇಳಿದಾಗ 26 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಗಡುವು 2019ಕ್ಕೇ ಮುಗಿದಿತ್ತು. ನಮ್ಮ ಸಬ್‌ಮಿಷನ್ನೇ ವಾಸಿ.

ಸರಾಸರಿ ಮನುಷ್ಯ ಎಲ್ಲಿದ್ದಾನೆ?

ಸ್ಟ್ಯಾಟಿಸ್ಟಿಕ್ಸ್ ಮಾಡ್ಯೂಲ್‌ನಲ್ಲಿ ನಾವೆಲ್ಲ ಮೀನ್ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಮಾಡಿದ್ದೀವಿ. (ಮಂಗಳೂರು ಕಡೆಯವರೇ, ಇದು ಆ ಮೀನಲ್ಲ.) ಆ ಮೀನನ್ನ ನಿಜವಾದ ಸೀಟಿಗೆ ಹಾಕಿದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕದ ವಾಯುಪಡೆಯಲ್ಲೇ ಒಂದು ಉದಾಹರಣೆ ಇದೆ.

1950ರ ಹೊತ್ತಿಗೆ ಅಲ್ಲಿನ ಕಾಕ್‌ಪಿಟ್‌ಗಳನ್ನ ಹಳೇ ಕಾಲದ ಪೈಲಟ್‌ಗಳ ಸರಾಸರಿ ಅಳತೆಗೆ ಮಾಡಿದ್ದರು. ಆಗ ಹೊಸದಾಗಿ 4,063 ಪೈಲಟ್‌ಗಳ ಅಳತೆ ತೆಗೆದರು. ಗಿಲ್ಬರ್ಟ್ ಡೇನಿಯಲ್ಸ್ ಅನ್ನೋ ಯುವ ಸಂಶೋಧಕ ಅದರಲ್ಲಿ ಎತ್ತರ, ಎದೆಯ ಸುತ್ತಳತೆ, ತೋಳಿನ ಉದ್ದ ಹೀಗೆ 10 ಅಳತೆ ಆರಿಸಿಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿ ಇರೋರು ಎಷ್ಟು ಜನ ಅಂತ ಎಣಿಸಿದ. ಉತ್ತರ ಸೊನ್ನೆ. ನಾಲ್ಕು ಸಾವಿರ ಜನರಲ್ಲಿ ಒಬ್ಬನೂ ಇಲ್ಲ. ಸರಾಸರಿ ಪೈಲಟ್‌ಗೆ ಅಂತ ಮಾಡಿದ ಸೀಟು ಯಾರಿಗೂ ಸರಿಹೊಂದುವ ಸೀಟಾಗಿರಲಿಲ್ಲ. ವಾಯುಪಡೆ ಪೈಲಟ್‌ಗಳಿಗೆ ದಂಡ ಹಾಕಲಿಲ್ಲ. ಹಿಂದೆ ಮುಂದೆ, ಮೇಲೆ ಕೆಳಗೆ ಸರಿಯೋ ಸೀಟು ಮಾಡಿ ಅಂತ ತಯಾರಕರಿಗೆ ಹೇಳಿತು. ಮೊದಲು ಆಗಲ್ಲ, ಖರ್ಚು ಜಾಸ್ತಿ ಅಂದ ಇಂಜಿನಿಯರ್‌ಗಳೇ ಆಮೇಲೆ ಮಾಡಿಕೊಟ್ಟರು. ಇವತ್ತು ನಮ್ಮ ಮನೆ ಕಾರಿನಲ್ಲೂ ಸೀಟಿನ ಕೆಳಗೆ ಆ ಸರಳು ಇದೆ.

ಪ್ರಯಾಣಿಕರ ಸೀಟಿಗೆ ಮಾತ್ರ ಇನ್ನೂ ಹಳೇ ಲೆಕ್ಕ. ಅಮೆರಿಕದ ನಿಯಮದಲ್ಲಿ ಸೀಟಿನ ಡಿಕ್ಕಿ ಪರೀಕ್ಷೆಗೆ ಕೂರಿಸೋ ಬೊಂಬೆಯ ತೂಕ 170 ಪೌಂಡ್, ಅಂದರೆ ಸುಮಾರು 77 ಕೆಜಿ. ಬೊಂಬೆ ಒಂದೇ ಸೈಜು. ಕೂರೋ ಮನುಷ್ಯರು ನೂರಾರು ಸೈಜು.

ತೂಕ ಜಾಸ್ತಿ ಅಂದ್ರೆ ಪೆಟ್ರೋಲ್ ಜಾಸ್ತಿ ತಾನೇ?

ಮೆಸ್‌ನಲ್ಲಿ ಈ ಚರ್ಚೆ ಬಂದಾಗ ನಮ್ಮ ಮೆಕ್ಯಾನಿಕಲ್ ಬ್ರಾಂಚಿನವರು ಮೊದಲು ಎತ್ತಿದ್ದು ಇದನ್ನೇ. ಭಾರ ಜಾಸ್ತಿಯಾದರೆ ಇಂಧನ ಜಾಸ್ತಿ, ಹಾಗಾಗಿ ಜಾಸ್ತಿ ದುಡ್ಡು ತಗೊಂಡರೆ ತಪ್ಪೇನು? ಫಿಸಿಕ್ಸ್ ಸರಿಯೇ ಇದೆ. ಪೆಸಿಫಿಕ್ ಸಾಗರದ ಸಮೋವಾ ಏರ್ ಅನ್ನೋ ಪುಟ್ಟ ಕಂಪನಿ 2013ರಲ್ಲಿ ಇದನ್ನ ಮಾಡಿಯೇ ತೋರಿಸಿತು. ಅಲ್ಲಿ ಟಿಕೆಟ್ ದರ ಕೆಜಿ ಲೆಕ್ಕ, ನಿಮ್ಮ ತೂಕ ಮತ್ತು ನಿಮ್ಮ ಬ್ಯಾಗಿನ ತೂಕ ಸೇರಿಸಿ. ಕೇಳೋಕೆ ತರಕಾರಿ ಅಂಗಡಿ ಥರ ಇದೆ. ಆದರೂ ಅದರಲ್ಲಿ ಒಂದು ಪ್ರಾಮಾಣಿಕತೆ ಇತ್ತು. ತೂಕ ಜಾಸ್ತಿ ಇರೋರು ಜಾಸ್ತಿ ಕೊಟ್ಟರು, ಕಮ್ಮಿ ಇರೋರು ಕಮ್ಮಿ ಕೊಟ್ಟರು.

ಬೇರೆ ಕಂಪನಿಗಳು ಹಾಗೆ ಮಾಡ್ತಾವಾ? ನಮ್ಮ ಗ್ಯಾಂಗಿನಲ್ಲಿ 48 ಕೆಜಿ ಇರೋ ಹುಡುಗಿಗೆ ಯಾರೂ ಡಿಸ್ಕೌಂಟ್ ಕೊಡಲ್ಲ. ಅವಳಿಗೆ ಸರಾಸರಿ ಲೆಕ್ಕ. ಡುಮ್ಮನಿಗೆ ಮಾತ್ರ ವೈಯಕ್ತಿಕ ಲೆಕ್ಕ. ಎರಡೂ ಕಡೆ ಲಾಭ ಕಂಪನಿಗೇ. ಅಷ್ಟಕ್ಕೂ ಎರಡನೇ ಸೀಟಿನ ದುಡ್ಡು ತೂಕದ ದುಡ್ಡೇ ಅಲ್ಲ, ಜಾಗದ ದುಡ್ಡು. ಆ ಸೀಟಿನಲ್ಲಿ ಇನ್ನೊಬ್ಬ ಮನುಷ್ಯ ಕೂರಲ್ಲ.

ತೂಕ ಸುರಕ್ಷತೆಯ ವಿಷಯ ಅನ್ನೋದು ಮಾತ್ರ ನಿಜ. 2003ರ ಜನವರಿ 8ರಂದು ಅಮೆರಿಕದ ಶಾರ್ಲೆಟ್‌ನಲ್ಲಿ ಏರ್ ಮಿಡ್‌ವೆಸ್ಟ್‌ನ ಒಂದು ಸಣ್ಣ ವಿಮಾನ ಟೇಕಾಫ್ ಆದ ತಕ್ಷಣ ಬಿದ್ದು, ಒಳಗಿದ್ದ 21 ಜನರೂ ಸತ್ತರು. ತನಿಖೆಯಲ್ಲಿ ಎಲಿವೇಟರ್ ನಿಯಂತ್ರಣದ ರಿಪೇರಿಯಲ್ಲಿ ಆದ ತಪ್ಪಿನ ಜೊತೆಗೆ, ಭಾರ ಹಿಂದಕ್ಕೆ ವಾಲಿದ್ದೂ ಕಾರಣ ಅಂತ ಗೊತ್ತಾಯ್ತು. ಲೆಕ್ಕಕ್ಕೆ ಹಿಡಿದಿದ್ದ ಸರಾಸರಿ ತೂಕ ನಿಜವಾದ ತೂಕಕ್ಕಿಂತ ಕಮ್ಮಿ ಇತ್ತು. ಆಮೇಲೆ ಎಫ್‌ಎಎ ಆ ಸರಾಸರಿಯನ್ನ ಏರಿಸಿತು. ಗಮನಿಸಿ, ಅಲ್ಲಿ ತಪ್ಪಿದ್ದು ಪ್ರಯಾಣಿಕರಲ್ಲ, ಕಾಗದದ ಮೇಲಿನ ಸಂಖ್ಯೆ. ಸುರಕ್ಷತೆಗಾಗಿ ತೂಕ ನೋಡಬೇಕಾದರೆ ಮರ್ಯಾದೆಯಿಂದ ನೋಡೋ ದಾರಿಯೂ ಇದೆ. 2023ರಲ್ಲಿ ಏರ್ ನ್ಯೂಜಿಲೆಂಡ್ ಆಕ್ಲೆಂಡ್‌ನಲ್ಲಿ 10 ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನ ತೂಗಿತು. ಹೆಸರು ಬರೆದುಕೊಳ್ಳಲಿಲ್ಲ, ತೂಕದ ಸಂಖ್ಯೆ ಎದುರಿಗಿದ್ದ ಸಿಬ್ಬಂದಿಗೂ ಕಾಣ್ತಿರಲಿಲ್ಲ.

ಕೆನಡಾ ಮಾಡಿದ್ದು

ಹಾಗಾದರೆ ಎರಡನೇ ಸೀಟಿನ ಬಿಲ್ ಯಾರು ಕಟ್ಟಬೇಕು? ಕೆನಡಾ ಇದಕ್ಕೆ ಒಂದು ಉತ್ತರ ಕೊಟ್ಟಿದೆ. 2008ರ ಜನವರಿಯಲ್ಲಿ ಅಲ್ಲಿನ ಸಾರಿಗೆ ಪ್ರಾಧಿಕಾರ 'ಒಬ್ಬರಿಗೆ ಒಂದೇ ಟಿಕೆಟ್' ಅಂತ ಆದೇಶ ಮಾಡಿತು. ದೇಶದೊಳಗಿನ ವಿಮಾನಗಳಲ್ಲಿ, ಸಹಾಯಕರ ಜೊತೆ ಹೋಗಲೇಬೇಕಾದ ವಿಕಲಚೇತನರಿಗೂ, ಸ್ಥೂಲಕಾಯದಿಂದಾಗಿ ವಿಕಲಚೇತನರು ಅಂತ ಪರಿಗಣಿತರಾದವರಿಗೂ ಎರಡನೇ ಸೀಟಿಗೆ ದುಡ್ಡು ತಗೊಳ್ಳೋ ಹಾಗಿಲ್ಲ. ಏರ್ ಕೆನಡಾ, ವೆಸ್ಟ್‌ಜೆಟ್ ಕಂಪನಿಗಳು ಕೋರ್ಟಿಗೆ ಹೋದವು. ಅದೇ ವರ್ಷ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವರ ಮೇಲ್ಮನವಿ ಕೇಳೋಕೆ ಒಪ್ಪಲಿಲ್ಲ. 2009ರ ಜನವರಿಯಿಂದ ರೂಲ್ ಜಾರಿಗೆ ಬಂತು.

ಇದರಿಂದ ಕಂಪನಿಗಳು ಮುಳುಗಿ ಹೋದವಾ? ಪ್ರಾಧಿಕಾರವೇ ಲೆಕ್ಕ ಹಾಕಿತ್ತು. ಈ ಖರ್ಚನ್ನ ಎಲ್ಲಾ ಟಿಕೆಟ್‌ಗಳ ಮೇಲೆ ಹಂಚಿದರೆ ಏರ್ ಕೆನಡಾಗೆ ಒಂದು ಟಿಕೆಟ್ಟಿಗೆ ಸುಮಾರು 77 ಸೆಂಟ್, ವೆಸ್ಟ್‌ಜೆಟ್‌ಗೆ ಸುಮಾರು 44 ಸೆಂಟ್. 77 ಸೆಂಟ್ ಅಂದರೆ ಆಗಿನ ಲೆಕ್ಕದಲ್ಲಿ ನಮ್ಮ 30 ರೂಪಾಯಿ. ಒಂದು ಪ್ಲೇಟ್ ಇಡ್ಲಿ. ಎರಡೂ ಕಂಪನಿ ಇವತ್ತಿಗೂ ಹಾರಾಡ್ತಿವೆ.

ಈ ರೂಲಿಗೂ ಮಿತಿ ಇದೆ. ವಿದೇಶಕ್ಕೆ ಹೋಗೋ ವಿಮಾನಕ್ಕೆ ಅನ್ವಯಿಸಲ್ಲ, ದಪ್ಪ ಇರೋ ಎಲ್ಲರಿಗೂ ಸಿಗಲ್ಲ. ಆದರೂ ಒಂದು ಮಾತು ಸಾಬೀತಾಯ್ತು. ಒಬ್ಬರ ಮೇಲೆ ಹೇರಿದರೆ ಪ್ರಯಾಣವೇ ನಿಂತು ಹೋಗೋ ಭಾರ, ಎಲ್ಲರೂ ಹಂಚಿಕೊಂಡರೆ ಇಡ್ಲಿಯಷ್ಟಾಗುತ್ತೆ.

ಇನ್ನೊಂದು ಉದಾಹರಣೆ ನಮ್ಮ ದೇಶದ್ದೇ. 2020ರ ಜುಲೈನಲ್ಲಿ, ಕೊರೋನಾ ಸಮಯದಲ್ಲಿ, ಇಂಡಿಗೋ ಒಬ್ಬರಿಗೇ ಎರಡು ಸೀಟು ಕೊಡೋ ಸ್ಕೀಮ್ ತಂದಿತ್ತು. ಪಕ್ಕದಲ್ಲಿ ಯಾರೂ ಇಲ್ಲದೆ ದೂರ ಕೂರಲಿ ಅಂತ. ಎರಡನೇ ಸೀಟಿಗೆ ಮೂಲ ಬುಕಿಂಗಿನ ಗರಿಷ್ಠ 25 ಪರ್ಸೆಂಟ್ ದರ. ಆಗ ವಿಮಾನಗಳು ಖಾಲಿ ಇದ್ದವು, ಒಪ್ಪುತ್ತೀವಿ. ಆದರೂ ಖಾಲಿ ಸೀಟಿಗೆ ಪೂರ್ತಿ ದರವನ್ನೇ ಹಾಕಬೇಕು ಅಂತ ಯಾವ ಕಲ್ಲಿನ ಮೇಲೂ ಬರೆದಿಲ್ಲ ಅಂತ ಇದರಿಂದ ಗೊತ್ತಾಗುತ್ತೆ.

"ಅವರು ಕಮ್ಮಿ ತಿಂದ್ರೆ ಆಯ್ತಪ್ಪ"

ಇದನ್ನ ಹೇಳದೇ ಇರೋರು ಇಲ್ಲ. ಅವರ ತಿಂಡಿಪೋತತನಕ್ಕೆ ನಾವ್ಯಾಕೆ 30 ರೂಪಾಯಿ ಕೊಡಬೇಕು? ಮೊದಲನೆಯದಾಗಿ, ಮೈ ದಪ್ಪ ಆಗೋಕೆ ಥೈರಾಯ್ಡ್, ಪಿಸಿಒಎಸ್, ಕೆಲವು ಮಾತ್ರೆಗಳು, ಮನೆತನದ ಗುಣ ಹೀಗೆ ಎಷ್ಟೋ ಕಾರಣ. ಮುಖ ನೋಡಿ ಯಾವುದು ಅಂತ ಹೇಳೋಕಾಗಲ್ಲ.

ಅದಕ್ಕಿಂತ ಮುಖ್ಯವಾಗಿ, ಕಾರಣ ಕೇಳೋ ಅಭ್ಯಾಸ ನಮಗೆ ಬೇರೆ ಕಡೆ ಇಲ್ಲ. ನಮ್ಮ ಊರುಗಳಿಂದ ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗೋ ಎಷ್ಟು ಜನ ಅಮ್ಮಂದಿರು, ಅಜ್ಜಿಯರು ಏರ್‌ಪೋರ್ಟ್‌ನಲ್ಲಿ ವೀಲ್‌ಚೇರ್ ಕೇಳ್ತಾರೆ ನೋಡಿ. ಅಮೆರಿಕದಲ್ಲಿ 1986ರ ಕಾನೂನಿನ ಪ್ರಕಾರ ಅದಕ್ಕೆ ದುಡ್ಡು ತಗೊಳ್ಳೋ ಹಾಗಿಲ್ಲ. ಆ ಕುರ್ಚಿ ತಳ್ಳೋರ ಸಂಬಳ ಎಲ್ಲರ ಟಿಕೆಟ್‌ನಲ್ಲೂ ಸೇರಿದೆ. "ಅಜ್ಜಿ, ನೀವು ವಾಕಿಂಗ್ ಮಾಡಿದ್ರೆ ಮಂಡಿ ನೋವು ಬರ್ತಿರಲಿಲ್ಲ, ಎಕ್ಸ್‌ಟ್ರಾ ಕೊಡಿ" ಅಂತ ಯಾರೂ ಅನ್ನಲ್ಲ. ಅಂದರೆ ಮೊದಲು ನಾವೇ ಜಗಳಕ್ಕೆ ನಿಲ್ತೀವಿ. ಅಜ್ಜಿಯ ಮಂಡಿಗೆ ಒಂದು ನ್ಯಾಯ, ಡುಮ್ಮನ ಸೊಂಟಕ್ಕೆ ಇನ್ನೊಂದು ಯಾಕೆ?

ನಾವು ಕೇಳೋದು ಇಷ್ಟೇ. ಟಿಕೆಟ್ ಬುಕ್ ಮಾಡುವಾಗಲೇ ಆ ವಿಮಾನದ ಸೀಟಿನ ಅಗಲ ಎಷ್ಟು ಅಂತ ಕಾಣಬೇಕು. ಮೊಬೈಲ್ ಕೊಳ್ಳುವಾಗ ಸ್ಕ್ರೀನ್ ಅಳತೆ ಹಾಕ್ತಾರೆ, ಇದಕ್ಯಾಕಿಲ್ಲ? ಎರಡನೇ ಸೀಟು ಬೇಕಾ ಅನ್ನೋದು ಮನೆಯಲ್ಲೇ, ಆ್ಯಪ್‌ನಲ್ಲೇ ತೀರ್ಮಾನ ಆಗಬೇಕು, ಗೇಟಿನಲ್ಲಿ ನೂರು ಜನರ ಮುಂದೆ ಅಲ್ಲ. ಅದರ ದುಡ್ಡು ವಾಪಸ್ ಬರೋದು ವಿಮಾನ ತುಂಬಿದೆಯಾ ಇಲ್ಲವಾ ಅನ್ನೋ ಅದೃಷ್ಟದ ಮೇಲೆ ನಿಂತಿರಬಾರದು. ಪೂರ್ತಿ ಉಚಿತ ಆಗಲ್ಲ ಅಂದರೆ ಕನಿಷ್ಠ ಅರ್ಧಕ್ಕಿಂತ ಕಮ್ಮಿ ದರ ಆಗಬೇಕು.

ನಮ್ಮ ಕಡೆಗೂ ಒಂದು ಬೆರಳು

ವಿಮಾನ ಕಂಪನಿಗಳನ್ನ ಬೈದು ಮುಗಿಸೋದು ಸುಲಭ. ಆದರೆ ಇದನ್ನ ಬರೀತಾ ಇರುವಾಗ ನಮ್ಮದೇ ಕೆಲವು ವಿಷಯ ನೆನಪಾಯ್ತು. ನಮ್ಮ ಸೆಮಿನಾರ್ ಹಾಲ್‌ನಲ್ಲಿ ರೈಟಿಂಗ್ ಪ್ಯಾಡ್ ಅಂಟಿಸಿರೋ ಕುರ್ಚಿಗಳಿವೆಯಲ್ಲ, ಅದರಲ್ಲಿ ಅವನು ಪ್ಯಾಡ್ ಎತ್ತಿಟ್ಟು ತೊಡೆ ಮೇಲೆ ಬುಕ್ ಇಟ್ಕೊಂಡು ಬರೀತಾನೆ. ಎಡಗೈಯವರಿಗೂ ಅದೇ ಕಷ್ಟ. ಕಳೆದ ವರ್ಷ ಇಂಡಸ್ಟ್ರಿಯಲ್ ವಿಸಿಟ್‌ಗೆ ಹೋದಾಗ ಬಸ್ಸಿನಲ್ಲಿ ಸೀಟಿದ್ದರೂ ಅವನು ದಾರಿಯುದ್ದ ಬಾಗಿಲ ಹತ್ತಿರ ನಿಂತಿದ್ದ. "ನಂಗೆ ಗಾಳಿ ಬೇಕು ಮಗಾ" ಅಂದಿದ್ದ. ನಾವು ನಂಬಿದ್ವಿ, ಅಥವಾ ನಂಬೋದು ನಮಗೆ ಅನುಕೂಲ ಆಗಿತ್ತು. ಇಬ್ಬರ ಸೀಟಿನಲ್ಲಿ ಇಬ್ಬರು ಆರಾಮಾಗಿ ಕೂತು ಹಾಡು ಹೇಳ್ಕೊಂಡು ಹೋದ್ವಿ.

ಇನ್ನು ಎರಡು ಮೂರು ವರ್ಷಕ್ಕೆ ನಮ್ಮಲ್ಲಿ ಕೆಲವರು ಕುರ್ಚಿ, ಬಸ್ಸು, ಯಾರಿಗೆ ಗೊತ್ತು, ವಿಮಾನದ ಸೀಟನ್ನೂ ಡಿಸೈನ್ ಮಾಡ್ತೀವಿ. ಆಗ ಕ್ಯಾಡ್‌ನಲ್ಲಿ ಕೂರಿಸೋ ಆ ಸಪೂರ ಬೊಂಬೆಯ ಜೊತೆಗೆ ಈ ಗೆಳೆಯನನ್ನೂ ಒಮ್ಮೆ ಕೂರಿಸಿ ನೋಡಿ. ಇಷ್ಟು ಮಾಡಿದರೂ ಸಾಕು.

ಅವನು ಕೇಳಿದ್ದಕ್ಕೆ ಉತ್ತರ: ಹೌದು ಮಗಾ, ಆ ಕಂಪನಿಯ ಇವತ್ತಿನ ರೂಲಿನ ಪ್ರಕಾರ ನೀನು ಎರಡು ಟಿಕೆಟ್ ತಗೋಬೇಕಾಗಬಹುದು. ಅದು ಸರಿಯಲ್ಲ ಅಂತ ನಮಗೆ ಅನ್ಸುತ್ತೆ. ಈ ಸಲ ಐವಿಗೆ ಹೋಗುವಾಗ ಬಸ್ ತುಂಬೋಕೆ ಮುಂಚೆ ನೀನೇ ಮೊದಲು ಸೀಟು ಹಿಡಿ. ಆ ಹೆಸರೂ ಸಾಕು ಅನ್ಸಿದ್ರೆ ಹೇಳು, ಗ್ರೂಪಿನಲ್ಲಿ ಇವತ್ತೇ ಬದಲಾಯಿಸ್ತೀವಿ.